ಗಂಡುಕಲೆಯ ಜಾಗಟೆ ಹೆಂಗಸಿನ ಕೈಗೆ ಬಂದಾಗ

ಯಕ್ಷಗಾನದ ಆಟ ಗದ್ದೆಯಾಚೆ ನಡೆಯುತ್ತಿತ್ತು. ಮಕ್ಕಳಾದ ನಮ್ಮನ್ನು ರಾತ್ರಿ ಹನ್ನೊಂದಕ್ಕೆಲ್ಲ ಎಬ್ಬಿಸಿಕೊಂಡು ಮನೆಗೆ ಕರೆತಂದು ಮಲಗಿಸುತ್ತಿದ್ದರು. ಅಲ್ಲಿಂದ ಬೆಳಗಿನವರೆಗೆ ನಮಗೆ ಅದು ಕಿವಿಯ ಆಟ. ಮೈಕಿನಲ್ಲಿ ಬರುವ ಚೆಂಡೆ, ನಡುವೆ ಪದ, ನಡುವೆ ಯಾರದ್ದೋ ಅಬ್ಬರ. ಒಂದು ರಾತ್ರಿ ಚಾಪೆಯ ಮೇಲೆ ಮಲಗಿದ್ದ ಅಜ್ಜಿ ಎದ್ದು ಕೂತರು.

"ಪದ ಹೇಳುವುದು ಹೆಂಗಸಲ್ವಾ ಅದು?"

"ಹೌದು ಅತ್ತೆ. ಬೈಪಾಡಿತ್ತಾಯರ ಹೆಂಡತಿಯಂತೆ" ಎಂದಳು ಅಮ್ಮ.

ಅಜ್ಜಿ ತುಂಬ ಹೊತ್ತು ಸುಮ್ಮನೆ ಕೇಳಿದರು. ಕಾಳಗದ ಪದ ಬಂತು, ಚೆಂಡೆ ಏರಿತು, ಸ್ವರ ಅದರ ಮೇಲೆ ನಿಂತಿತು. "ತಾಳ ಬಿಡುವುದಿಲ್ಲ ಮಾರಾಯ್ತಿ" ಎಂದು ಹೇಳಿ ಮತ್ತೆ ಮಲಗಿದರು.

ನಾನು ಇಲ್ಲಿ ಬರೆಯಬೇಕೆಂದಿರುವ ಪ್ರಕರಣ ಹೆಚ್ಚುಕಡಿಮೆ ಈ ಮೂರು ಮಾತುಗಳಲ್ಲೇ ಇದೆ. ಮೊದಲು ಕೇಳಿಸಿದ್ದು ಅವರು ಹೆಂಗಸು ಎನ್ನುವುದು. ಆಮೇಲೆ ಬಂದದ್ದು ಅವರು ಯಾರ ಹೆಂಡತಿ ಎನ್ನುವುದು. ಅವರ ಹಾಡುಗಾರಿಕೆ ಹೇಗಿದೆ ಎನ್ನುವುದು ಕೊನೆಗೆ. ಹೆಸರು ಆ ರಾತ್ರಿ ಬರಲೇ ಇಲ್ಲ. ಅವರ ಹೆಸರು ಲೀಲಾವತಿ ಬೈಪಾಡಿತ್ತಾಯ. ತೆಂಕುತಿಟ್ಟು, ಅಂದರೆ ದಕ್ಷಿಣದ ಶೈಲಿಯ ಯಕ್ಷಗಾನದಲ್ಲಿ ಮೇಳಗಳ (ತಿರುಗಾಟದ ತಂಡಗಳ) ಜೊತೆ ತಿರುಗಿ ವೃತ್ತಿಯಾಗಿ ಭಾಗವತಿಕೆ, ಅಂದರೆ ಪದ ಹಾಡಿ ಆಟ ನಡೆಸುವ ಕೆಲಸ, ಮಾಡಿದ ಮೊದಲ ಮಹಿಳೆ.

ಗಂಡುಕಲೆ ಎಂಬ ಮಾತು

ಲೀಲಾವತಿಯವರು ಹುಟ್ಟಿದ್ದು 1947ರಲ್ಲಿ, ಕಾಸರಗೋಡಿನ ಹತ್ತಿರದ ಮಧೂರಿನಲ್ಲಿ. 1956ರ ರಾಜ್ಯ ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಆದರೆ ಅಲ್ಲಿನ ಕನ್ನಡಕ್ಕೆ ಉಸಿರು ಕೊಟ್ಟ ಸಂಗತಿಗಳಲ್ಲಿ ಯಕ್ಷಗಾನವೂ ಒಂದು. ರಾಮಾಯಣದ ಪ್ರಸಂಗಗಳನ್ನು, ಅಂದರೆ ಆಟದ ಕಥಾಪದ್ಯಗಳನ್ನು ಕಟ್ಟಿದ ಪಾರ್ತಿಸುಬ್ಬ ಕುಂಬಳೆಯವನು. ಮಧೂರಿನಿಂದ ಕುಂಬಳೆ ದೂರವೇನಲ್ಲ. ಊರಿನ ನೀರಿನಲ್ಲೇ ಆಟವಿತ್ತು. ಹಾಗಿದ್ದರೂ ಆ ಕಾಲದ ಹುಡುಗಿಯೊಬ್ಬಳು ಅದನ್ನು ಚಾಪೆಯ ಮೇಲೆ ಕೂತು ನೋಡಬಹುದಿತ್ತು, ಅಷ್ಟೆ. ಅವರು ಕಲಿತದ್ದು ಕರ್ನಾಟಕ ಶಾಸ್ತ್ರೀಯ ಸಂಗೀತ.

ಇದು ನಮ್ಮ ಕರಾವಳಿಯ ಮನೆಗಳಲ್ಲಿ ಬಹಳ ಕಾಲ ನಡೆದ ಲೆಕ್ಕ. ನಾನು ಶಾಲೆಗೆ ಹೋಗುವಾಗ ಪದ ಕಲಿಯುತ್ತೇನೆ ಎಂದದ್ದಕ್ಕೆ ಅಪ್ಪ ಬೈಯಲಿಲ್ಲ, "ಸಂಗೀತ ಕಲಿ, ಭರತನಾಟ್ಯ ಕಲಿ, ಆಟದ ಪದ ನಿನಗೆ ಎಂತಕ್ಕೆ?" ಎಂದರು. ಸಂಗೀತ, ಭರತನಾಟ್ಯ ಮದುವೆಯ ಜಾತಕದ ಜೊತೆ ಹೋಗುವ ವಿದ್ಯೆಗಳು. ಯಕ್ಷಗಾನ ಗಂಡುಕಲೆ.

ಈ 'ಗಂಡುಕಲೆ' ಎನ್ನುವ ಮಾತನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಚೆಂಡೆಯ ಪೆಟ್ಟು, ವೀರರಸ, ರಾತ್ರಿಯಿಡೀ ಕುಣಿಯುವ ತ್ರಾಣ, ಇದೆಲ್ಲ ಸೇರಿ ಆ ಹೆಸರು. ಆದರೆ ಇದೇ ಗಂಡುಕಲೆಯೊಳಗೆ ಹೆಣ್ಣು ಎಷ್ಟು ತುಂಬಿಕೊಂಡಿದ್ದಾಳೆ ನೋಡಿ. ದ್ರೌಪದಿ, ದಮಯಂತಿ, ಚಂದ್ರಮತಿ, ಪ್ರಮೀಳೆ. ರಾಕ್ಷಸಿಯರ ವೇಷವಾದ ಹೆಣ್ಣು ಬಣ್ಣದಲ್ಲಿ ಶೂರ್ಪನಖಿ, ಪೂತನಿ. 'ದೇವಿಮಹಾತ್ಮೆ' ಎಂಬ ಪ್ರಸಂಗವೇ ಒಬ್ಬ ಹೆಣ್ಣಿನ ಸುತ್ತ ನಿಂತಿದೆ. ತನ್ನನ್ನು ಯುದ್ಧದಲ್ಲಿ ಗೆದ್ದವನನ್ನೇ ವರಿಸುತ್ತೇನೆ ಎಂದು ಶುಂಭನಿಗೆ ಹೇಳಿ ಕಳಿಸಿ, ಬಂದವರನ್ನೆಲ್ಲ ಮುಗಿಸುವ ದೇವಿಯ ಸುತ್ತ. ಹರಕೆ ಹೊತ್ತು ಆ ಆಟ ಆಡಿಸುವವರಲ್ಲಿ, ಬೆಳಗಿನ ಜಾವದವರೆಗೆ ಕೈಮುಗಿದು ಕೂರುವವರಲ್ಲಿ ಎಷ್ಟೋ ಜನ ಹೆಂಗಸರು. ರಂಗಸ್ಥಳದ ಮೇಲಿನ ದೇವಿ ಮಾತ್ರ ಗಂಡಸು.

ಆ ಗಂಡಸರ ಕೆಲಸವನ್ನು ನಾನು ಹಗುರ ಮಾಡುತ್ತಿಲ್ಲ. ಕೋಳ್ಯೂರು ರಾಮಚಂದ್ರ ರಾಯರ ದಮಯಂತಿಯನ್ನು ಕಂಡವರು ಇಂದಿಗೂ ಅದನ್ನು ನೆನೆಯುತ್ತಾರೆ. ಸ್ತ್ರೀವೇಷದವರು ಸೆರಗು ಹಿಡಿಯುವ ಬೆರಳು, ಕತ್ತಿನ ಓರೆ, ಅಳುವಾಗ ಉಸಿರು ಕಡಿಯುವ ಬಗೆ, ಎಲ್ಲವನ್ನೂ ವರ್ಷಗಟ್ಟಲೆ ನೋಡಿ ಕಲಿತವರು. ಅವರಿಗೆ ಊರು ಕೊಡುತ್ತಿದ್ದ ಅತಿ ದೊಡ್ಡ ಹೊಗಳಿಕೆ "ಹೆಂಗಸರೇ ನಾಚಬೇಕು" ಎಂಬುದು. ಆ ಹೊಗಳಿಕೆಯ ಒಳಗೊಂದು ನಂಬಿಕೆ ಇದೆ. ಹೆಣ್ತನ ಎಂಬುದು ಕಲಿಯಬಹುದಾದ ವಿದ್ಯೆ. ಗಂಡಸು ಕಷ್ಟಪಟ್ಟರೆ ಅದನ್ನು ಹೆಂಗಸಿಗಿಂತ ಚೆನ್ನಾಗಿ ಮಾಡಿ ತೋರಿಸಬಹುದು. ಹಾಗಾದರೆ ಗಂಡಸುತನವೂ ಕಲಿಯುವ ವಿದ್ಯೆಯೇ ತಾನೆ? ರಾವಣನ ಅಬ್ಬರ, ಭೀಮನ ಗದೆಯ ತಿರುವು, ಕಾಳಗದ ಪದಕ್ಕೆ ಬೇಕಾದ ಎದೆಗಾರಿಕೆ, ಇದನ್ನು ಹೆಂಗಸು ಕಲಿತರೆ ಬಾರದೇ? ಈ ಎರಡನೇ ಪ್ರಶ್ನೆಯನ್ನು ಬಹಳ ಕಾಲ ಯಾರೂ ಕೇಳಲಿಲ್ಲ. ಲೀಲಾವತಿಯವರು ಅದನ್ನು ಬಾಯಿಬಿಟ್ಟು ಕೇಳಬೇಕಾಗಲಿಲ್ಲ. ಜಾಗಟೆ ಹಿಡಿದು ಕೂತರು.

ಸೀರೆಯುಟ್ಟ ವೇಷವಲ್ಲ, ಭಾಗವತರ ಪೀಠ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದು. ಗಂಡಸರೇ ಹೆಣ್ಣಿನ ಪಾತ್ರ ಮಾಡುವ ಕಲೆಗೆ ಒಬ್ಬ ಹೆಂಗಸು ಬರುವುದಾದರೆ ಎಲ್ಲಿಂದ ಬರಬೇಕು? ಸ್ತ್ರೀವೇಷದಿಂದ ಎಂದು ಯಾರಾದರೂ ಹೇಳಿಯಾರು. ಹಾಗಾಗಲಿಲ್ಲ. ಮೊದಲ ವೃತ್ತಿಪರ ಹೆಂಗಸು ಬಂದು ಕೂತದ್ದು ಮೇಳದ ಅತಿ ಎತ್ತರದ ಜಾಗದಲ್ಲಿ.

ಭಾಗವತರೆಂದರೆ ಹಿನ್ನೆಲೆ ಗಾಯಕರಲ್ಲ. "ಭಾಗವತರೇ ಮೊದಲನೇ ವೇಷ" ಎಂಬ ಮಾತು ಮೇಳಗಳಲ್ಲಿ ರೂಢಿ. ಪ್ರಸಂಗದ ನಡೆ ಅವರ ತಲೆಯಲ್ಲಿರುತ್ತದೆ. ಯಾವ ಪದ್ಯ ಎತ್ತಬೇಕು, ಯಾವುದನ್ನು ಬಿಡಬೇಕು, ಯಾವ ವೇಷಕ್ಕೆ ಎಷ್ಟು ಕುಣಿಸಬೇಕು, ಬೆಳಗಾಗುವುದರೊಳಗೆ ಮಂಗಳ ಹಾಡಲು ಎಲ್ಲಿ ಓಡಿಸಬೇಕು, ಎಲ್ಲವೂ ಅವರ ಲೆಕ್ಕ. ವೇಷಧಾರಿ ಅರ್ಥ (ಪದ್ಯದ ಮೇಲಿನ ಮಾತು) ಹೇಳುತ್ತ ಹೇಳುತ್ತ ಎಲ್ಲೆಲ್ಲಿಗೋ ಹೋದರೆ ಭಾಗವತರು ಜಾಗಟೆಗೆ ಒಂದು ಪೆಟ್ಟು ಕೊಟ್ಟು ಮುಂದಿನ ಪದ್ಯ ಎತ್ತುತ್ತಾರೆ. ಅಲ್ಲಿಗೆ ಮಾತು ನಿಲ್ಲಬೇಕು. ಮೂವತ್ತು ವರ್ಷ ತಿರುಗಾಟ ಮಾಡಿದ ರಾವಣನಾದರೂ ನಿಲ್ಲಿಸಬೇಕು.

ಆ ಜಾಗಟೆಯನ್ನು ಹಿಡಿದ ಕೈಯಲ್ಲಿ ಬಳೆ ಇದೆ ಎಂದು ಕಲ್ಪಿಸಿಕೊಳ್ಳಿ. ಮನೆಯಲ್ಲಿ ಗಂಡಸರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಕಲಿಸಿದ ಸಮಾಜ ಅದು. ಅದೇ ಊರಿನ ಗದ್ದೆಯಲ್ಲಿ, ಊರೆಲ್ಲ ನೋಡುತ್ತಿರುವಾಗ, ಹೆಂಗಸೊಬ್ಬರು ಚಕ್ರವರ್ತಿಗಳ ಮಾತನ್ನು ಜಾಗಟೆಯ ಪೆಟ್ಟಿನಲ್ಲಿ ನಿಲ್ಲಿಸುತ್ತಾರೆ. ರಂಗದ ಮೇಲೆ ಸ್ತ್ರೀವೇಷ ಕುಣಿಯುವುದಕ್ಕಿಂತ ಎಷ್ಟೋ ಪಾಲು ದೊಡ್ಡ ಪಲ್ಲಟ ಇದು. ದೊಡ್ಡದೆಂದು ಯಾರಿಗೂ ಹೊಳೆಯದಂತೆ ನಡೆದುಹೋಯಿತು.

ಹೀಗಾಗಲು ಕಾರಣವೂ ಇದೆ ಎಂದು ನನ್ನ ಅನಿಸಿಕೆ. ವೇಷ ಕಟ್ಟುವವರಿಗೆ ಚೌಕಿ ಬೇಕು. ಚೌಕಿಯೆಂದರೆ ನೆಲದ ಮೇಲೆ ಸಾಲಾಗಿ ಕೂತು, ಬರಿಮೈಯಲ್ಲಿ, ಕೈಗನ್ನಡಿ ಹಿಡಿದು ಬಣ್ಣ ಹಚ್ಚುವ ಗಂಡಸರ ಜಾಗ. ಅಲ್ಲೇ ಒಂದು ಕಡೆ ದೀಪದ ಮುಂದೆ ಗಣಪತಿ. ಪೂಜೆಯಾಗಿ ಪ್ರಸಾದ ಹಂಚಿದ ಮೇಲೆಯೇ ಆಟ. ದೇವಸ್ಥಾನದ ಮೇಳಗಳಲ್ಲಿ ಚೌಕಿಯೆಂದರೆ ತಿರುಗಾಡುವ ಗುಡಿಯೇ. ಹಾಗಾಗಿ ಮೈಲಿಗೆ, ಮುಟ್ಟು ಎಂಬ ಮಾತುಗಳು ಯಾರೂ ಎತ್ತದೆಯೂ ಅಲ್ಲಿರುತ್ತಿದ್ದವು. ಭಾಗವತರಿಗೆ ಬಣ್ಣವಿಲ್ಲ, ವೇಷ ಬದಲಿಸುವುದಿಲ್ಲ. ಗಂಡಸಾದರೆ ಪಂಚೆ, ಶಾಲು, ಮುಂಡಾಸು. ಹೆಂಗಸಾದರೆ ಅದೇ ಸೀರೆ, ಅದೇ ಕುಂಕುಮ; ದೇವಸ್ಥಾನಕ್ಕೆ ಹೋಗುವ ಗೃಹಿಣಿ ಹೇಗಿರುತ್ತಾಳೋ ಹಾಗೆ. ಮೈ ಕುಣಿಯುವುದಿಲ್ಲ, ಕುಣಿಯುವುದು ಸ್ವರ ಮಾತ್ರ. ನೋಡುವ ಕಣ್ಣಿಗೆ ಕಸಿವಿಸಿಯಾಗದ ಕಡೆಯಿಂದ ಹೆಂಗಸು ಒಳಬಂದಳು. ಆ ಕಡೆಯಲ್ಲೇ ಅಧಿಕಾರವೂ ಇತ್ತು.

ಸ್ವರದ ಪ್ರಶ್ನೆ

"ಹೆಣ್ಣು ಸ್ವರ ಚೆಂಡೆಯ ಮೇಲೆ ಏಳುವುದಿಲ್ಲ." ಇದು ನಾನು ಹಲವರ ಬಾಯಲ್ಲಿ ಕೇಳಿದ ಆಕ್ಷೇಪ. ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ತೆಂಕಿನ ಚೆಂಡೆ ಕಿವಿ ಗಡಚಿಕ್ಕುವ ವಾದ್ಯ. ಮೈಕ್ ಇಲ್ಲದ ಕಾಲದಲ್ಲಿ ಅದರ ಮೇಲೆ ಸ್ವರ ತೇಲಿಸಿ, ಗದ್ದೆಯ ಕೊನೆಯಲ್ಲಿ ಕೂತವನಿಗೂ ಸಾಹಿತ್ಯ ಕೇಳಿಸಬೇಕೆಂದರೆ ಅದಕ್ಕೆ ಬೇರೆಯದೇ ಕಂಠ ಬೇಕಿತ್ತು. ಬಲಿಪ ನಾರಾಯಣ ಭಾಗವತರಂಥವರ ಸ್ವರದಲ್ಲಿ ಆ ಕಾಲದ ಗಟ್ಟಿತನ ಕೊನೆಯವರೆಗೂ ಕೇಳುತ್ತಿತ್ತು.

ಧ್ವನಿವರ್ಧಕ ಬಂದ ಮೇಲೆ ಈ ಲೆಕ್ಕ ಬದಲಾಯಿತು. ಯಕ್ಷಗಾನಕ್ಕೆ ಮೈಕ್ ಬಂದದ್ದನ್ನು ಹಳಬರು ಬೇಸರದಿಂದಲೇ ನೆನೆಯುತ್ತಾರೆ. ಸ್ವರದ ಸಹಜ ಗಾತ್ರ ಹೋಯಿತು, ಕಿರುಚಾಟ ಹೆಚ್ಚಿತು ಎಂದು. ಇರಬಹುದು. ಆದರೆ ಅದೇ ಮೈಕ್, ಭಾಗವತರ ಪೀಠಕ್ಕೆ ಗಂಡು ಕಂಠವೇ ಬೇಕು ಎಂಬ ಅಗತ್ಯವನ್ನೂ ಸದ್ದಿಲ್ಲದೆ ತೆಗೆದುಹಾಕಿತು. ನಮ್ಮ ಜಗಲಿಗೆ ಆ ರಾತ್ರಿ ಸ್ವರ ಬಂದದ್ದು ಅದರಿಂದಲೇ.

ಉಳಿದದ್ದು ಶ್ರುತಿ. ಮದ್ದಳೆಯನ್ನು ಭಾಗವತರ ಶ್ರುತಿಗೆ ಕೂಡಿಸಬೇಕು. ಭಾಗವತರು ಬದಲಾದರೆ ಶ್ರುತಿ ಬದಲಾಗುತ್ತದೆ, ಮದ್ದಳೆ ಬದಲಾಗುತ್ತದೆ. ಇದು ಗಂಡಸರಲ್ಲಿ ಒಬ್ಬರಿಂದ ಇನ್ನೊಬ್ಬರಿಗೂ ಆಗುವ ಕೆಲಸವೇ. ಹೆಂಗಸು ಬಂದಾಗ ಮಾತ್ರ ಅದನ್ನು ತೊಂದರೆ ಎಂದು ಕರೆದರೆ ಅದು ವಾದ್ಯದ ತೊಂದರೆಯಲ್ಲ.

ಇನ್ನು ರಸ. "ವೀರಕ್ಕೆ ಹೆಣ್ಣು ಸ್ವರ ಹೊಂದುವುದಿಲ್ಲ" ಎನ್ನುವವರಿಗೆ ಯಕ್ಷಗಾನವೇ ಉತ್ತರ ಇಟ್ಟುಕೊಂಡಿದೆ. ಭಾಗವತರು ಒಂದೇ ರಾತ್ರಿಯಲ್ಲಿ ಎಲ್ಲರ ಪದವನ್ನೂ ಹಾಡುತ್ತಾರೆ. ದುಶ್ಶಾಸನ ಸೀರೆಗೆ ಕೈಹಾಕುವ ಪದ ಅವರದ್ದೇ, ದ್ರೌಪದಿ ಕೃಷ್ಣನನ್ನು ಕರೆಯುವ ಪದವೂ ಅವರದ್ದೇ. ತಲೆಮಾರುಗಳಿಂದ ಗಂಡಸರ ಕಂಠದಲ್ಲೇ ದಮಯಂತಿ ಕಾಡಿನಲ್ಲಿ ಅತ್ತಿದ್ದಾಳೆ. ಅದು ಗಂಡಸಿನ ಸ್ವರವಲ್ಲವೇ, ದಮಯಂತಿಗೆ ಹೇಗೆ ಹೊಂದುತ್ತದೆ ಎಂದು ಯಾರೂ ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ. ಪದ್ಯಕ್ಕೆ ಬೇಕಾದದ್ದು ಭಾವ, ತಾಳ, ಸಾಹಿತ್ಯದ ಸ್ಪಷ್ಟತೆ. ಆ ಕಡೆಯಿಂದ ಈ ಕಡೆಗೆ ಇದ್ದ ದಾರಿ, ಈ ಕಡೆಯಿಂದ ಆ ಕಡೆಗೂ ಇರಲೇಬೇಕು.

ನಿಜವಾದ ಕಷ್ಟ ಬೇರೆಯದಿತ್ತು, ಅದರ ಬಗ್ಗೆ ಆಕ್ಷೇಪ ಎತ್ತುವವರು ಮಾತಾಡುವುದೇ ಇಲ್ಲ. ಶಾಸ್ತ್ರೀಯ ಸಂಗೀತ ಕಲಿತವರಿಗೆ ಯಕ್ಷಗಾನದ ಪದ ಕೂಡಲೇ ಒಲಿಯುವುದಿಲ್ಲ. ಕಛೇರಿಯಲ್ಲಿ ರಾಗಕ್ಕೆ ಬಿಡುವಿದೆ. ಸ್ವರವನ್ನು ತೂಗಬಹುದು, ಬಳುಕಿಸಬಹುದು. ಆಟದಲ್ಲಿ ಎದುರಿಗೆ ಒಂದು ವೇಷ ಹೆಜ್ಜೆ ಹಾಕುತ್ತಿದೆ. ಸ್ವರ ಬಳುಕುತ್ತ ಕೂತರೆ ಆ ಹೆಜ್ಜೆ ಸೊರಗುತ್ತದೆ. ಪದ್ಯ ಎತ್ತುವ ರಭಸ, ವೇಷಕ್ಕೆ ಕೊಡುವ ಎಡೆ, ಚೆಂಡೆಗೆ ಬಿಟ್ಟುಕೊಡುವ ಜಾಗ, ಮುಕ್ತಾಯಕ್ಕೆ ಬಂದು ಬೀಳುವ ಬಗೆ, ಇವೆಲ್ಲ ಹಿಮ್ಮೇಳದ, ಅಂದರೆ ಹಾಡು ವಾದ್ಯದವರ ಜೊತೆ ಕೂತೇ ಬರಬೇಕಾದದ್ದು. ಕಲಿತದ್ದರಲ್ಲಿ ಅರ್ಧವನ್ನು ಬಿಡಲು ಕಲಿಯಬೇಕು. ಲೀಲಾವತಿಯವರು ಗೆದ್ದದ್ದು ಇಲ್ಲಿ. ಅಜ್ಜಿ "ತಾಳ ಬಿಡುವುದಿಲ್ಲ" ಎಂದದ್ದು ಈ ಗೆಲುವಿಗೆ.

ಬೈಪಾಡಿತ್ತಾಯರ ಹೆಂಡತಿ

ಅವರಿಗೆ ಯಕ್ಷಗಾನ ಹೇಳಿಕೊಟ್ಟವರು ಗಂಡ ಹರಿನಾರಾಯಣ ಬೈಪಾಡಿತ್ತಾಯರು. ಸ್ವತಃ ಚೆಂಡೆ ಮದ್ದಳೆಯ ಹೆಸರಾಂತ ಕಲಾವಿದರು. ಮೇಳಗಳಲ್ಲಿ ಇಬ್ಬರೂ ಜೊತೆಯಾಗಿ ತಿರುಗಿದರು. ಹೆಂಡತಿಯ ಪದಕ್ಕೆ ಗಂಡನ ವಾದನ. ಸುಮಾರು ಎರಡು ದಶಕ ಅವರದು ಮೇಳದ ಬದುಕು.

ಇದನ್ನು ಓದಿ ಮನಸ್ಸು ತುಂಬುತ್ತದೆ, ತುಂಬಬೇಕು ಕೂಡ. ಹೆಂಡತಿಯನ್ನು ತನಗಿಂತ ಮೇಲಿನ ಪೀಠದಲ್ಲಿ ಕೂರಿಸಿ, ಅವಳ ಪದಕ್ಕೆ ಕಿವಿಯಿಟ್ಟು ನುಡಿಸಿದ ಗಂಡಸು ಆ ಕಾಲದಲ್ಲಿ ಎಷ್ಟು ಮಂದಿ ಇದ್ದರು? ಮದ್ದಳೆಗಾರರ ಕೆಲಸವೇ ಭಾಗವತರನ್ನು ಹಿಂಬಾಲಿಸುವುದು. ಮದುವೆಯ ಮಂಟಪದಲ್ಲಿ ಹೆಣ್ಣು ಗಂಡಿನ ಹಿಂದೆ ಏಳು ಹೆಜ್ಜೆ ಇಡುತ್ತಾಳೆ. ರಂಗಸ್ಥಳದಲ್ಲಿ ಈ ದಂಪತಿಯ ಹೆಜ್ಜೆ ಆ ಕ್ರಮದಲ್ಲಿರಲಿಲ್ಲ.

ಆದರೆ ಪ್ರಕರಣವನ್ನು ಪ್ರಾಮಾಣಿಕವಾಗಿ ನೋಡುವುದಾದರೆ ಇನ್ನೊಂದನ್ನೂ ಹೇಳಬೇಕು. ಮೇಳದ ಬಾಗಿಲು ತೆರೆದದ್ದು ಗಂಡನ ಜೊತೆ ಬಂದ ಹೆಂಡತಿಗೆ. ತಿರುಗಾಟ ಎಂದರೇನು ಎಂದು ತಿಳಿದವರಿಗೆ ಇದರ ಅರ್ಥ ಆಗುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಗೆಜ್ಜೆ ಕಟ್ಟಿದರೆ ಬಿಚ್ಚುವುದು ಪತ್ತನಾಜೆಗೆ, ಮೇ ತಿಂಗಳ ಕೊನೆಯಲ್ಲಿ. ಆರು ತಿಂಗಳು, ದಿನಕ್ಕೊಂದು ಊರು. ರಾತ್ರಿ ಆಟ, ಬೆಳಗ್ಗೆ ವಾಹನ ಹತ್ತುವುದು, ಯಾರದ್ದೋ ಮನೆಯ ಚಾವಡಿಯಲ್ಲೋ ಶಾಲೆಯ ಜಗಲಿಯಲ್ಲೋ ಹಗಲು ನಿದ್ದೆ. ತೋಟದ ಬದಿಯ ತೋಡಿನಲ್ಲಿ ಸ್ನಾನ. ಇಷ್ಟು ಗಂಡಸರ ನಡುವೆ ಹೆಂಗಸೊಬ್ಬಳು ಎಲ್ಲಿ ಮಲಗುತ್ತಾಳೆ, ಎಲ್ಲಿ ಬಟ್ಟೆ ಬದಲಿಸುತ್ತಾಳೆ, ತಿಂಗಳ ಆ ಮೂರು ದಿನ ಏನು ಮಾಡುತ್ತಾಳೆ ಎಂಬ ಪ್ರಶ್ನೆಗಳಿಗೆ ಮೇಳದ ವ್ಯವಸ್ಥೆಯಲ್ಲಿ ಉತ್ತರ ಇರಲಿಲ್ಲ. "ಗಂಡ ಜೊತೆಗಿದ್ದಾರೆ" ಎನ್ನುವುದೊಂದೇ ಎಲ್ಲದಕ್ಕೂ ಉತ್ತರ. ಊರಿನ ಬಾಯಿ ಮುಚ್ಚಿಸಲೂ ಅದೇ ಸಾಕಾಯಿತು.

ಹಾಗಾದರೆ ಅಷ್ಟೇ ಒಳ್ಳೆಯ ಕಂಠದ, ಅಷ್ಟೇ ತಾಳಜ್ಞಾನದ, ಮದುವೆಯಾಗದ ಹುಡುಗಿ? ಗಂಡ ಗದ್ದೆ ಉಳುವವನೋ ಬ್ಯಾಂಕಿನ ಗುಮಾಸ್ತನೋ ಆಗಿರುವ ಹೆಂಗಸು? ಗಂಡ ಸತ್ತವಳು? ಅವರಿಗೆ ಬಾಗಿಲು ಹಾಕಿಯೇ ಇತ್ತು. ಭಾಗವತರೆಂಬ ಹೊಸ ಪಾತ್ರವನ್ನು ಹೆಂಗಸಿಗೆ ಕೊಡುವ ಮೊದಲು ಸಮಾಜ ಪತ್ನಿಯೆಂಬ ಹಳೆಯ ಪಾತ್ರ ಅವಳಲ್ಲಿ ಗಟ್ಟಿಯಾಗಿದೆಯೇ ಎಂದು ನೋಡಿತು.

ಪ್ರಸಂಗಗಳೂ ಇದನ್ನೇ ಹೇಳುತ್ತವೆ. ಲಕ್ಷ್ಮೀಶನ 'ಜೈಮಿನಿ ಭಾರತ'ದಿಂದ ಆಟಕ್ಕೆ ಬಂದ ಪ್ರಮೀಳೆ ಸ್ತ್ರೀರಾಜ್ಯದ ಒಡತಿ. ಪಾಂಡವರ ಕುದುರೆ ಕಟ್ಟಿಹಾಕಿ ಅರ್ಜುನನ ಎದುರು ಬಿಲ್ಲು ಹಿಡಿಯುತ್ತಾಳೆ. ರಂಗದ ಮೇಲೆ ಆ ಯುದ್ಧ ನೋಡುವುದೇ ಒಂದು ಸಂಭ್ರಮ. ಆಮೇಲೆ ಅಶರೀರವಾಣಿ, ಆಮೇಲೆ ಮದುವೆಯ ಒಪ್ಪಂದ. ಗೆಲ್ಲುವ ಹೆಣ್ಣಿನ ಕತೆ ಹಸೆಮಣೆಗೆ ಬಂದು ನಿಲ್ಲಬೇಕು ಎಂಬುದು ಕವಿಗೂ ಪ್ರೇಕ್ಷಕರಿಗೂ ಒಪ್ಪಿಗೆಯಾದ ಕ್ರಮ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಯಾರೂ ಬರೆಯುವುದಿಲ್ಲ. ಗಂಡಸರ ಮೇಳಗಳು ಆರು ತಿಂಗಳು ತಿರುಗಿದ್ದು ಮನೆಯಲ್ಲಿ ಉಳಿದ ಹೆಂಗಸರಿಂದ. ಮೇಳದವನ ಹೆಂಡತಿ ಎಂದರೆ ಚಳಿಗಾಲ ಬೇಸಗೆಗಳ ಉದ್ದಕ್ಕೂ ದನಕರು, ಮಕ್ಕಳ ಜ್ವರ, ಅತ್ತೆಮಾವಂದಿರ ಕಾಯಿಲೆ, ಅಂಗಡಿಯ ಸಾಲ ಎಲ್ಲವನ್ನೂ ಒಬ್ಬಳೇ ಹೊತ್ತವಳು. ಗಂಡುಕಲೆಯ ಅಡಿಪಾಯದಲ್ಲಿ ಅವಳ ದುಡಿಮೆ ಇದೆ. ಹೆಂಗಸೇ ಮೇಳಕ್ಕೆ ಹೊರಟರೆ ಆ ಕೆಲಸ ಯಾರದ್ದು ಎಂಬ ಪ್ರಶ್ನೆಯೇ, ಶ್ರುತಿಗಿಂತ, ಸ್ವರಕ್ಕಿಂತ ದೊಡ್ಡ ಅಡ್ಡಿಯಾಗಿತ್ತು.

ಬೇರೆ ಊರು, ಬೇರೆ ದಾರಿ

ಜಪಾನಿನ ಕಬುಕಿಯನ್ನು ಇದರ ಪಕ್ಕದಲ್ಲಿಟ್ಟರೆ ಕತೆ ತಿರುವುಮುರುವು. 1603ರ ಹೊತ್ತಿಗೆ ಕ್ಯೋಟೊದಲ್ಲಿ ಆ ಕಲೆಯನ್ನು ಶುರುಮಾಡಿದ್ದೇ ಒಬ್ಬ ಹೆಂಗಸು, ಇಜುಮೊದ ಒಕುನಿ. ಆಕೆ ಗಂಡಸಿನ ವೇಷ ತೊಟ್ಟು ಕುಣಿಯುತ್ತಿದ್ದಳು. 1629ರಲ್ಲಿ ಆಳುವವರು ಹೆಂಗಸರನ್ನು ರಂಗದಿಂದಲೇ ನಿಷೇಧಿಸಿದರು. ಆಮೇಲೆ ಹೆಣ್ಣಿನ ಪಾತ್ರಕ್ಕೆ ಒನ್ನಗಾತ ಎಂಬ ಗಂಡು ನಟರ ಪರಂಪರೆಯೇ ಬೆಳೆಯಿತು. ಕಾನೂನು ಹೋದ ಮೇಲೂ ಆ ಪರಂಪರೆ ಉಳಿಯಿತು. ಅಲ್ಲಿ ಹೆಂಗಸರನ್ನು ಹೊರಹಾಕಲು ಆಜ್ಞೆ ಬೇಕಾಯಿತು. ನಮ್ಮಲ್ಲಿ ಯಕ್ಷಗಾನಕ್ಕೆ ಹೆಂಗಸರು ಬರಬಾರದು ಎಂದು ಯಾರೂ ಬರೆದಿಡಲಿಲ್ಲ. ಬರೆಯುವ ಅಗತ್ಯವೇ ಬೀಳಲಿಲ್ಲ.

ಇನ್ನೊಂದು ದಾರಿ ಹೆಂಗಸರದ್ದೇ ತಂಡ. ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ, ರಾವಣ, ಭೀಮರಂಥ ಪಾತ್ರಗಳನ್ನು ತಾವೇ ಮಾಡಿ ಕನ್ನಡ ವೃತ್ತಿರಂಗಭೂಮಿಯನ್ನು ಬೆರಗುಗೊಳಿಸಿದರು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಕೇರಳದ ತೃಪ್ಪೂಣಿತ್ತುರದಲ್ಲಿ 1975ರಲ್ಲಿ ಹೆಂಗಸರ ಕಥಕಳಿ ತಂಡ ಹುಟ್ಟಿತು. ಕರಾವಳಿಯಲ್ಲೂ ಮಹಿಳಾ ಯಕ್ಷಗಾನ ತಂಡಗಳು ಒಂದೊಂದಾಗಿ ಬಂದವು. ಈ ತಂಡಗಳು ಮಾಡಿದ ಕೆಲಸ ಸಣ್ಣದಲ್ಲ. ಆದರೆ ಹೆಂಗಸರ ತಂಡವನ್ನು ನೋಡಲು ಬಂದವರ ಬಾಯಲ್ಲಿ "ಹೆಂಗಸರಾಗಿ ಇಷ್ಟು ಚೆನ್ನಾಗಿ ಮಾಡುತ್ತಾರಲ್ಲ" ಎಂಬ ಮಾತು ಇದ್ದೇ ಇರುತ್ತದೆ. ಲೀಲಾವತಿಯವರಿಗೆ ಆ ರಿಯಾಯಿತಿ ಸಿಗುವಂತಿರಲಿಲ್ಲ. ಗಂಡಸರ ಮೇಳದೊಳಗೆ ಒಬ್ಬರೇ. ಎದುರಿಗೆ ಕುಣಿಯುವ ಕಲಾವಿದರ ಅನ್ನ ಆ ರಾತ್ರಿಯ ಪದದ ಮೇಲೆ ನಿಂತಿದೆ. ಅಲ್ಲಿ ತಾಳ ತಪ್ಪಿದರೆ ತಪ್ಪಿದ್ದೇ.

ಆಮೇಲೆ

ಮೇಳ ಬಿಟ್ಟ ಮೇಲೆ ದಂಪತಿ ಗುರುಗಳಾದರು. ಧರ್ಮಸ್ಥಳದ ಯಕ್ಷಗಾನ ತರಬೇತಿ ಕೇಂದ್ರದಲ್ಲಿ ಕಲಿಸಿದರು, ಆಮೇಲೆ ಮನೆಯಲ್ಲೂ ಕಲಿಸಿದರು. ಗಂಡು ಹುಡುಗರು ಹೆಂಗಸೊಬ್ಬರ ಮುಂದೆ ಕೂತು ಭಾಗವತಿಕೆ ಕಲಿತರು. ನನ್ನ ಮಟ್ಟಿಗೆ ಅವರು ಮೇಳದಲ್ಲಿ ಹಾಡಿದ್ದಕ್ಕಿಂತಲೂ ಇದು ಆಳವಾದ ಬದಲಾವಣೆ. ಹೆಂಗಸಿನಿಂದ ಪದ ಕಲಿತ ಹುಡುಗ ನಾಳೆ ಮೇಳದಲ್ಲಿ ಕೂತಾಗ "ಹೆಂಗಸರಿಗೆ ಇದು ಆಗದು" ಎಂದು ಹೇಳಲಾರ.

ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 2023ರಲ್ಲಿ, ಅವರಿಗೆ 76 ವರ್ಷವಾದಾಗ. ಮರುವರ್ಷ, 2024ರ ಡಿಸೆಂಬರಿನಲ್ಲಿ ಹೋಗಿಬಿಟ್ಟರು. ಮರುದಿನದ ಪತ್ರಿಕೆಗಳನ್ನು ಓದುತ್ತ ನಾನು ಒಂದು ಸಣ್ಣ ಸಂಗತಿ ಗಮನಿಸಿದೆ. ಕನ್ನಡದಲ್ಲಿ ಅವರನ್ನು ಏನೆಂದು ಕರೆಯಬೇಕೆಂಬುದೇ ಇನ್ನೂ ಒಂದು ದಾರಿಗೆ ಬಂದಿಲ್ಲ. ಮಹಿಳಾ ಭಾಗವತೆ, ಭಾಗವತೆ, ಮಹಿಳಾ ಭಾಗವತರು. ನನಗೆ 'ಭಾಗವತರು' ಎನ್ನುವುದೇ ಸಾಕು. ಕನ್ನಡದ ಈ ಗೌರವದ ಬಹುವಚನಕ್ಕೆ ಹೆಣ್ಣು ಗಂಡು ಭೇದವಿಲ್ಲ. ಪೀಠಕ್ಕೆ ಭೇದವಿದ್ದ ಕಾಲದಲ್ಲೂ ಮಾತಿಗೆ ಇರಲಿಲ್ಲ.

ಇವತ್ತು ಕಾವ್ಯಶ್ರೀ ಅಜೇರು, ಭವ್ಯಶ್ರೀ ಕುಲ್ಕುಂದ, ಅಮೃತಾ ಅಡಿಗ, ಉತ್ತರದ ಶೈಲಿಯಾದ ಬಡಗಿನಲ್ಲಿ ಚಿಂತನಾ ಹೆಗಡೆ ಮಾಳ್ಕೋಡು ಹೀಗೆ ಹೆಸರುಗಳು ಬೆಳೆಯುತ್ತಿವೆ. ಇವರ ಪದಗಳನ್ನು ಜನ ಫೋನಿನಲ್ಲಿ ಹುಡುಕಿ ಕೇಳುತ್ತಾರೆ. ದುಬೈ, ಮುಂಬೈಗಳ ಕನ್ನಡಿಗರಿಗೂ ತುಳುವರಿಗೂ ಹೆಣ್ಣು ಸ್ವರದ ಪದ ಹೊಸದಲ್ಲ. ಇಷ್ಟು ಸಂತೋಷದ ಜೊತೆಗೆ ಒಂದು ಅಸಮಾಧಾನವೂ ನನಗಿದೆ. ಮಹಿಳಾ ಭಾಗವತರು ಹೆಚ್ಚು ಕಾಣಿಸುವುದು ಪದಗಳನ್ನಷ್ಟೇ ಹಾಡುವ ಗಾನವೈಭವಗಳಲ್ಲಿ, ಅತಿಥಿಗಳಾಗಿ, ಬಿಡಿ ಕಾರ್ಯಕ್ರಮಗಳಲ್ಲಿ. ದೊಡ್ಡ ಮೇಳಗಳ ಕಾಯಂ ಪಟ್ಟಿಯಲ್ಲಿ ಹೆಂಗಸಿನ ಹೆಸರು ಇಂದಿಗೂ ಅಪರೂಪ. ಗಾನವೈಭವದಲ್ಲಿ ಎದುರಿಗೆ ನಿಯಂತ್ರಿಸಬೇಕಾದ ವೇಷಗಳಿಲ್ಲ, ನಡೆಸಬೇಕಾದ ಪ್ರಸಂಗವಿಲ್ಲ. ಇಂಪಾದ ಸ್ವರಕ್ಕೆ ಜಾಗ ಸಿಕ್ಕಿತು. ರಂಗವನ್ನು ಆಳುವ ಜಾಗಟೆ ಇನ್ನೂ ಪೂರ್ತಿ ಕೈಗೆ ಬಂದಿಲ್ಲ.

ಮೊದಲೆಲ್ಲ ರಾತ್ರಿಯ ಮಾತು ಹೇಳುತ್ತಿದ್ದರು. ರಾತ್ರಿಯಿಡೀ ಹೆಂಗಸರು ಹೇಗೆ ಎಂದು. ಈಚಿನ ವರ್ಷಗಳಲ್ಲಿ ಧರ್ಮಸ್ಥಳದಂಥ ಮೇಳಗಳೇ ಕಾಲಮಿತಿಗೆ ಬಂದಿವೆ. ಅಲ್ಲಿ ಸಂಜೆ ಶುರುವಾದ ಆಟ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ರಸ್ತೆಗಳಾಗಿವೆ, ಕಲಾವಿದರು ಆಟ ಮುಗಿಸಿ ತಮ್ಮ ಬೈಕಿನಲ್ಲೇ ಮನೆಗೆ ಹೋಗಿ ಮಲಗುತ್ತಾರೆ. ರಾತ್ರಿಯೇ ಅಡ್ಡಿಯಾಗಿದ್ದರೆ ಇಂಥ ಮೇಳಗಳಲ್ಲಿ ಆ ಅಡ್ಡಿ ಈಗಿಲ್ಲ. ಆದರೂ ಪಟ್ಟಿ ಹೆಚ್ಚು ಬದಲಾಗಿಲ್ಲ. ಮೇಳ ನಡೆಸುವವರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು ಎಂದು ಕೈಮುಗಿದು ಕೇಳುತ್ತೇನೆ.

ಬದಲಾವಣೆ ಕಾಣುವುದು ಶಾಲೆಗಳಲ್ಲಿ. ಉಡುಪಿ, ಮಂಗಳೂರು ಕಡೆಯ ಶಾಲೆಗಳಲ್ಲಿ ಯಕ್ಷಗಾನ ಕಲಿಸುವುದು ಈಗ ರೂಢಿಯಾಗಿದೆ, ಕಲಿಯುವವರಲ್ಲಿ ಹೆಣ್ಣುಮಕ್ಕಳು ತುಂಬ. ಕಳೆದ ವರ್ಷ ನಮ್ಮ ಊರಿನ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ತರಗತಿಯ ಕೋಣೆಯೇ ಚೌಕಿ. ಬೆಂಚಿನ ಮೇಲೆ ನಿಂತ ಹುಡುಗಿಯೊಬ್ಬಳ ಸೊಂಟಕ್ಕೆ ಇಬ್ಬರು ಹಗ್ಗ ಬಿಗಿಯುತ್ತಿದ್ದರು, ಅವಳು ದುಶ್ಶಾಸನ. "ಇನ್ನೂ ಬಿಗಿ ಮಾಡಿ ಅಣ್ಣ, ಕುಣಿವಾಗ ಜಾರ್ತದೆ" ಎನ್ನುತ್ತಿದ್ದಳು. ಮೂಲೆಯಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಸೀರೆ ಉಡಿಸಿಕೊಳ್ಳುತ್ತ ನಿಂತಿದ್ದ. ಹುಡುಗಿಯರೇ ಇಷ್ಟು ಜನ ಇರುವಾಗ ದ್ರೌಪದಿ ಅವನಿಗೆ ಯಾಕೆ ಎಂದು ಗುರುಗಳನ್ನು ಕೇಳಿದೆ. "ಅವನ ಕರುಣರಸ ಒಳ್ಳೆದುಂಟು" ಎಂದರು.

ಭಾಗವತರ ಜಾಗದಲ್ಲಿ ಒಂಬತ್ತನೇ ತರಗತಿಯ ಹುಡುಗಿ. ಜಡೆಗೆ ಮಲ್ಲಿಗೆ, ಕೈಯಲ್ಲಿ ಜಾಗಟೆ, ಮುಂದೆ ಬೈಂಡು ಹಾಕಿದ ಪ್ರಸಂಗ ಪುಸ್ತಕ. ಮದ್ದಳೆಯವರು ಅವಳ ಅಪ್ಪನ ವಯಸ್ಸಿನವರು, ಮದ್ದಳೆಯ ಬಲಮಗ್ಗುಲ ಮೇಲೆ ಬೆರಳಾಡಿಸಿ, "ಸರಿ ಉಂಟಾ?" ಎಂದು ಅವಳನ್ನು ಕೇಳಿದರು. ಅವಳು ಶ್ರುತಿಗೆ ಕಿವಿಯಿಟ್ಟು, ತಲೆ ಅಲ್ಲಾಡಿಸಿ, "ಸ್ವಲ್ಪ ಏರಬೇಕು ಮಾಮ" ಎಂದಳು. ಅವರು ಮದ್ದಳೆಯನ್ನು ತೊಡೆಯ ಮೇಲೆ ತಿರುಗಿಸಿ ಮತ್ತೆ ಕೂಡಿಸಿದರು.

ದ್ರೌಪದಿಯ ಪ್ರವೇಶವಾಯಿತು. ಹುಡುಗ ಸೆರಗು ಸರಿಮಾಡಿಕೊಂಡು, ಹಿಮ್ಮೇಳದ ಕಡೆ ಅರ್ಧ ತಿರುಗಿ ಮಾತು ಶುರುಮಾಡಿದ. "ಭಾಗವತರೇ..."

"ಏನಮ್ಮಾ?" ಎಂದಳು ಹುಡುಗಿ. ಸಭೆಯಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಅವನು ಏನು ಹೇಳುತ್ತಾನೆ ಎಂದು ಕಾಯುತ್ತಿದ್ದರು.